ಹೆಸರು ಹತ್ತಿಸಿದ್ದು

ಏಳು ಹೊಳೆ ದಾಟಿ, ಎಂಟನೆಯ ಹೊಳೆಯಲ್ಲಿ ಕಾಲು ತೊಳೆದುಕೊಂಡು ತಲೆಯೆತ್ತಿದರೆ ಒಂದೂರು ಕಾಣುತ್ತಿತ್ತಂತೆ. ಆ ಊರಿನ ನೆತ್ತಿಯ ಮೇಲೊಂದು ಗುಡ್ಡ ಇತ್ತಂತೆ. ಆ ಗುಡ್ಡಕ್ಕೆ ಕಿವಿ ಇತ್ತಂತೆ. ಕಥೆ ಅಂದಮೇಲೆ ಹೀಗೇ ಶುರುವಾಗಬೇಕು ಅಂತ ನನ್ನನ್ನು ಸಾಕಿದ ಅಜ್ಜಿ ಕಲಿಸಿದ್ದಾಳೆ, ಅದಕ್ಕೇ ಹೀಗೆ ಶುರು ಮಾಡಿದೆ. ಆದರೆ ಈ "ಇತ್ತಂತೆ" ಅನ್ನುವುದು ಸುಳ್ಳು. ಊರು ನಮ್ಮದೇ, ಈಗಲೂ ಇದೆ. ಗುಡ್ಡವೂ ಇದೆ. ಅದನ್ನು ನಾನು ಸೈಕಲ್ಲಿನಲ್ಲಿ ಹತ್ತಿದ್ದೇನೆ. ಇದನ್ನು ಕೊನೆಯ ತನಕ ಬಚ್ಚಿಡಬೇಕಿತ್ತೇನೋ, ನನ್ನಿಂದ ಆಗಲಿಲ್ಲ. ಹತ್ತಿದ್ದು ಹೇಗೆ, ನನ್ನ ಜೊತೆ ಹತ್ತಬೇಕಾಗಿದ್ದ ಹೆಸರು ಏನಾಯಿತು ಅನ್ನುವುದನ್ನು ಮಾತ್ರ ಸಾವಕಾಶವಾಗಿ ಹೇಳುತ್ತೇನೆ.

ಕಿವಿಗುಡ್ಡದ ದಾರಿಗೆ ಇಪ್ಪತ್ತೆರಡು ತಿರುವು. ಹತ್ತುವವರು ಮಾತಾಡುತ್ತಲೇ ಹತ್ತಬೇಕು. ಬಾಯಿ ಮುಚ್ಚಿದರೆ ಈಗಷ್ಟೇ ದಾಟಿದ ತಿರುವೇ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಅದೇ ಹುಣಿಸೆಮರ, ಅದೇ ಮುರಿದ ಮೈಲಿಗಲ್ಲು. ಒಂದು ಗುಟುಕು ನೀರು ನುಂಗುವಷ್ಟು ಹೊತ್ತು ಗುಡ್ಡ ಕಾಯುತ್ತದೆ, ಎರಡನೆಯ ಗುಟುಕಿಗೆ ಕಾಯುವುದಿಲ್ಲ. ಒಂದೇ ಸಲದ ಏರಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರೆ ಅದು ಮಾತಿನ ಲೆಕ್ಕಕ್ಕಿಲ್ಲ. ತುದಿಯ ಶಾಲೆಗೆ ಪ್ರತಿ ಸೋಮವಾರ ಹೋಗುವ ಮೇಷ್ಟ್ರು ಮಗ್ಗಿ ಹೇಳಿಕೊಂಡು ಹೋಗುತ್ತಾರೆ, ನಲವತ್ತರ ಮಗ್ಗಿಗೆ ಶಾಲೆ ಬರುತ್ತದೆ. ಗಂಡ ಹೆಂಡತಿ ಜಗಳವನ್ನು ಮನೆಯಲ್ಲಿ ಆಡಿ ಹಾಳು ಮಾಡುವುದಿಲ್ಲ, ಗುಡ್ಡಕ್ಕೆ ಬೇಕಾಗುತ್ತದೆ ಅಂತ ಎತ್ತಿಟ್ಟುಕೊಳ್ಳುತ್ತಾರೆ. ಹೆಣ್ಣು ಕೊಡುವವರು ಹುಡುಗನ ಬಗ್ಗೆ ವಿಚಾರಿಸುವಾಗ "ಎಷ್ಟು ತಿರುವಿನ ಮನುಷ್ಯ" ಅಂತ ಕೇಳುತ್ತಾರೆ. ಆರು ತಿರುವು ಅಂದರೆ ಮೂಕಬಸವ ಅಂತ ಅರ್ಥ. ಇಳಿಯುವವರಿಗೆ ಈ ಕಟ್ಟಳೆಯಿಲ್ಲ. ಮೋಟಾರು ಗಾಡಿಗಳು ಹಿಂದುಗಡೆಯಿಂದ ಅರ್ಧ ದಿನದ ಸುತ್ತು ಬಳಸಿ ಹೋಗುತ್ತವೆ, ಇಂಜಿನ್ನಿನ ಸದ್ದಿನಲ್ಲಿ ಗುಡ್ಡಕ್ಕೆ ಮಾತು ಕೇಳುವುದಿಲ್ಲವಲ್ಲ.

ನಮ್ಮಲ್ಲಿ ಮಗುವಿನ ಹೆಸರನ್ನು ತೊಟ್ಟಿಲ ಹತ್ತಿರ ಹೇಳುವುದಿಲ್ಲ. ಹನ್ನೆರಡನೆಯ ದಿನ ತಾಯಿಯ ಕಡೆಯವರೊಬ್ಬರು ಅದನ್ನು ಇದೇ ತಿರುವುಗಳ ದಾರಿಯಲ್ಲಿ ಗುಡ್ಡ ಹತ್ತಿಸಬೇಕು. ತುದಿಯ ಚಪ್ಪಡಿಯ ಮೇಲೆ ನಿಂತು ಹೇಳಿದ ಹೆಸರು ಕೆಳಗೆ ಊರಿನ ಪ್ರತಿ ಮನೆಯಲ್ಲೂ, ಪಕ್ಕದಲ್ಲಿ ಕೂತವರು ಹೇಳಿದ ಹಾಗೆ ಕೇಳುತ್ತದೆ. ಅಲ್ಲಿಂದ ಮುಂದೆ ಅದು ಮಗುವಿನದು. ಅಕ್ಕಿ ಗಿರಣಿ ಮಧ್ಯಾಹ್ನದ ಕೂಗು ಕೂಗುವ ಮೊದಲು ಹೇಳಲಾಗದಿದ್ದರೆ ತಂದೆಯ ಕಡೆಯವರು ಇಟ್ಟದ್ದೇ ಹೆಸರು. ನಡೆದು ಹೋಗಬಹುದಲ್ಲ ಅಂದರೆ, ನಡಿಗೆಯಲ್ಲಿ ಐದು ಗಂಟೆ ಬಾಯಿ ನಿಲ್ಲಿಸದೆ ಮಾತಾಡಬೇಕು. ಅಷ್ಟು ಮಾತು ಮೇಷ್ಟ್ರ ಹತ್ತಿರವೂ, ಜಗಳಗಂಟಿ ದಂಪತಿಗಳ ಹತ್ತಿರವೂ ಬಿಟ್ಟರೆ ಬೇರೆಯವರ ಹತ್ತಿರ ಇರುವುದಿಲ್ಲ. ಆದ್ದರಿಂದ ಸೈಕಲ್ಲು. ಇಷ್ಟರ ಮೇಲೆ ಇನ್ನೊಂದಿದೆ. ದಾರಿಯಲ್ಲಿ ಬಾಯಿತಪ್ಪಿ ಹೆಸರು ಹೊರಬಿದ್ದರೆ ಅದು ಬಿದ್ದ ತಿರುವಿಗೇ ಅಂಟಿಕೊಳ್ಳುತ್ತದೆ, ಮಗುವಿಗೆ ದಕ್ಕುವುದಿಲ್ಲ. ನಮ್ಮ ಗುಡ್ಡದ ಎಂಟು ತಿರುವುಗಳಿಗೆ ಹಾಗೆ ಹೆಸರು ಬಂದಿದೆ. ನಾಲ್ಕನೆಯದು ಹಿರಣ್ಮಯಿ, ಹನ್ನೊಂದನೆಯದು ಶ್ರೀಕಂಠ. ಒಂಬತ್ತನೆಯ ತಿರುವು ಮೃಣಾಲಿನಿ.

ಮೃಣಾಲಿನಿ ಅನ್ನುವುದು ನಾನಾಗಬೇಕಿತ್ತು. ಇಪ್ಪತ್ತಮೂರು ವರ್ಷದ ಕೆಳಗೆ ನನ್ನ ಸೋದರಮಾವ ಶಿವನಂಜಪ್ಪ ಅದನ್ನು ಒಂಬತ್ತನೆಯ ತಿರುವಿನಲ್ಲಿ ಬೀಳಿಸಿದ. ನನಗೆ ದಕ್ಕಿದ್ದು ಅಪ್ಪನ ತಾಯಿ ಇಟ್ಟ ಹೆಸರು, ಚಿಕ್ಕತಾಯಮ್ಮ. ಕೆಟ್ಟ ಹೆಸರೇನಲ್ಲ. ಆದರೂ ಜನ "ಮೃಣಾಲಿನಿ ಹತ್ರ ಜಲ್ಲಿ ಎದ್ದದೆ", "ಮೃಣಾಲಿನಿ ದಾಟಿದ್ಮೇಲೆ ಗಾಳಿ ಜಾಸ್ತಿ" ಅಂತ ಮಾತಾಡಿಕೊಳ್ಳುವಾಗ ಇವತ್ತಿಗೂ ಒಂದು ಕ್ಷಣ ತಿರುಗಿ ನೋಡುತ್ತೇನೆ.

ಅಕ್ಕ ವನಜಾಕ್ಷಿ ಮೂರು ತಿಂಗಳ ಬಸುರಿಯಾಗಿದ್ದಾಗ ಒಂದು ಸಂಜೆ ನಾವೆಲ್ಲ ಅವರೆಕಾಳು ಹಿದುಕುತ್ತ ಕೂತಿದ್ದೆವು. ಮಾವನ ಮಂಡಿಚಿಪ್ಪು ಸವೆದುಹೋಗಿತ್ತು, ನಮಗೆ ಅಣ್ಣತಮ್ಮಂದಿರಿಲ್ಲ. "ನನ್ ಮಗೂ ಹೆಸ್ರು ಯಾರು ಹತ್ತಿಸ್ತಾರೆ?" ಅಂತ ಅಕ್ಕ ಕೇಳಿದಳು. "ನಾನು," ಅಂದೆ. ಅಮ್ಮ ನಕ್ಕ ನಗುವಿಗೆ ತೊಡೆಯ ಮೇಲಿದ್ದ ತಟ್ಟೆ ಮಗುಚಿತು.

"ನೀನಾ? ಬೀರುವಲ್ಲಿ ನೀನು ಅರ್ಧ ಹೆಣೆದ ಸ್ವೆಟರ್ ನಾಲ್ಕಿದಾವೆ. ನಾಲ್ಕೂ ಸೇರ್ಸಿದ್ರೂ ಒಂದು ತೋಳಿಲ್ಲ."

"ನಗಬ್ಯಾಡ ಕಣೆ," ಅಂದಳು ಅಜ್ಜಿ, ಅಮ್ಮನ ತಾಯಿ. "ನಾನು ಹೇಳಿರೋ ಕಥೆಯೆಲ್ಲ ಅವಳ ಹೊಟ್ಟೇಲದೆ. ಗುಡ್ಡಕ್ಕೆ ಅಷ್ಟು ಸಾಕು."

"ಗುಡ್ಡಕ್ಕೆ ಸಾಕು. ಸೈಕಲ್ಲಿಗೆ?"

ಆಗ ನನಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಅಕ್ಕ ಮಾತ್ರ ನಗಲಿಲ್ಲ. ಅವರೆಸೊಗಡು ಅಂಟಿದ ಕೈಯನ್ನೇ ಚಾಚಿ, "ಹಂಗಾದ್ರೆ ಮಾತು ಕೊಡು," ಅಂದಳು. "ಅರ್ಧಕ್ಕೆ ಬಿಟ್ರೆ ಗೊತ್ತಲ್ಲ? ನಮ್ಮತ್ತೆ ಆಗ್ಲೇ ಹೆಸರು ಹುಡುಕಿಟ್ಟವ್ರೆ. ಹೆಣ್ಣಾದ್ರೆ ಅವರ ಅಮ್ಮನ ಹೆಸರು, ದೊಡ್ಡತಾಯಮ್ಮ." ಮನೆಗೆ ಚಿಕ್ಕತಾಯಿ ಒಬ್ಬಳು ಸಾಲದೆ ದೊಡ್ಡತಾಯಿ ಬೇರೆಯೇ ಅಂತ ನಾವಿಬ್ಬರೂ ಆಮೇಲೆ ನಕ್ಕೆವು. ಮಾತು ಮಾತ್ರ ಕೊಟ್ಟಾಗಿತ್ತು.

ಮಾವನ ಸೈಕಲ್ಲು ಅಟ್ಟದಿಂದ ಇಳಿಯಿತು. ಅದು ರೋಡ್ ಬೈಕು. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಬೆರಳಗಲದ ಟಯರು, ಒಂದೇ ಕೈಯಲ್ಲಿ ಎತ್ತಿಬಿಡುವಷ್ಟು ಹಗುರ. ಕೂತರೆ ಮೂಗು ಮುಂದಿನ ಚಕ್ರದ ಮೇಲೆ ಬರುತ್ತದೆ. ಕೆರೆಯೇರಿಯ ಮೇಲೆ ಒಂದು ತಿಂಗಳು ಬಿದ್ದೆ, ಇನ್ನೊಂದು ತಿಂಗಳು ಬೀಳದೆ ತುಳಿದೆ. ಗೇರು ಬದಲಿಸಿದಾಗಲೆಲ್ಲ ಚೈನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಕಟಕ್ಕನೆ ಹಾರುವ ಸದ್ದಿಗೆ ಬೆಚ್ಚಿಬೀಳುತ್ತಿದ್ದೆ. ಆಮೇಲೆ ಒಂದು ದಿನ, ಯಾರೂ ಹೇಳದೆಯೇ, ಆ ಸದ್ದು ನನ್ನದಾಯಿತು. ಅವತ್ತು ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಮೀನಖಂಡ ನೋಡಿಕೊಂಡೆ. ಏನೂ ಬದಲಾಗಿರಲಿಲ್ಲ. ಬದಲಾಗಿದೆ ಅಂತ ಅಜ್ಜಿಗೆ ಹೇಳಿದೆ, ಅವಳೂ ಮುಟ್ಟಿ ನೋಡಿ ಹೌದು ಅಂದಳು.

ಗುಡ್ಡದ ಮೊದಲ ದಿನ ನಾನು ಅಜ್ಜಿಯ ಕಥೆಗಳಲ್ಲೇ ರಾಜನಂಥ ಕಥೆಯನ್ನು ಆರಿಸಿಕೊಂಡೆ. ರಾಕ್ಷಸನೊಬ್ಬ ದೊಡ್ಡ ರಾಜಕುಮಾರಿಯ ನಗುವನ್ನು ನುಂಗಿಬಿಡುತ್ತಾನೆ, ಅದನ್ನು ವಾಪಸು ತರಲು ಕಿರಿಯವಳು ಕುದುರೆ ಹತ್ತಿ ಹೊರಡುತ್ತಾಳೆ. ಕುದುರೆ ಎಂಥದ್ದು ಅಂತೀರಿ, ಗಾಳಿಗೇ ಗಾಳಿ ಹಾಕುವಂಥದ್ದು. ಅದು ಓಡಿದ ಹಾಗೆ ನನ್ನ ಕಾಲೂ ಓಡಿತು. ಮೂರನೆಯ ತಿರುವಿಗೆ ಕುದುರೆ ಹೊಳೆ ಹಾರಿತು, ನಾಲ್ಕನೆಯದಕ್ಕೆ ಬೆಂಕಿ ಹಾರಿತು, ಐದನೆಯದಕ್ಕೆ ನನ್ನ ಉಸಿರು ಹಾರಿಹೋಯಿತು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಐದನೆಯ ತಿರುವಿನ ಕತ್ತಾಳೆ ಮೆಳೆ ಮೂರು ಸಲ ಎದುರಾಯಿತು. ನಾಲ್ಕನೆಯ ಸಲಕ್ಕೆ ಇಳಿದು, ಮೆಳೆಯ ಪಕ್ಕ ಕೂತು ವಾಂತಿ ಮಾಡಿಕೊಂಡೆ.

ಮಾವ ಕೆಳಗೆ ಮೋರಿಯ ಕಟ್ಟೆ ಮೇಲೆ ಕೋಲು ಹಿಡಿದು ಕೂತಿದ್ದ. ನನ್ನ ಮುಖ ನೋಡಿ ತಾನೇ ಹೇಳಿದ.

"ನಾನೂ ಹಿಂಗೇ ಹೋಗಿದ್ದು ಕಣವ್ವ. ಕಾಲು ಗಟ್ಟಿ ಇತ್ತು, ಎಲ್ರೂ ತಾರಸಿ ಹತ್ತಿ ನೋಡ್ತಾವ್ರೆ ಅಂತ ಹಾರಿಸ್ಕೊಂಡು ಹೋದೆ. ಒಂಬತ್ನೇ ತಿರುವಿಗೆ ಮಾತೆಲ್ಲ ಖರ್ಚಾಗಿ ಬಾಯಲ್ಲಿ ಅದೊಂದೇ ಉಳ್ಕೊಂಡಿತ್ತು. ಹೆದರ್ಕೊಂಡು ಕಾಪಾಡೋದು ಇರ್ತದಲ್ಲ, ಅದೇ ಮೊದ್ಲು ಬಾಯಿಗೆ ಬರೋದು. ಬಂದ್ಬುಡ್ತು."

ಇಪ್ಪತ್ತಮೂರು ವರ್ಷದಲ್ಲಿ ಅವನು ಇದನ್ನು ನನಗೆ ಹೇಳಿದ್ದು ಅದೇ ಮೊದಲು. ನಾನು ಅವನ ಕೋಲನ್ನು ನೋಡುತ್ತ, "ಚಿಕ್ಕತಾಯಿ ಅನ್ನೋ ಹೆಸರು ನಂಗೆ ಒಪ್ತದೆ ಮಾವ," ಅಂದೆ. "ಸುಳ್ಳು ಹೇಳೋ ಉಸ್ರನ್ನ ಗುಡ್ಡಕ್ಕೆ ಇಟ್ಕೋ," ಅಂದ.

ಮಾರನೆಯ ದಿನದಿಂದ ಅವನು ಮೊದಲ ಎರಡು ತಿರುವಿನ ತನಕ ಕೋಲೂರಿಕೊಂಡು ನನ್ನ ಪಕ್ಕದಲ್ಲೇ ನಡೆದು ಬರುತ್ತಿದ್ದ. ಅವನಿಗಿಂತ ಮುಂದೆ ಹೋಗುವ ಹಾಗಿಲ್ಲ, ಅದೇ ಪಾಠ. ಕುಂಟುವ ಮನುಷ್ಯನಿಗಿಂತ ನಿಧಾನವಾಗಿ ಸೈಕಲ್ ತುಳಿಯುವುದು ಎಷ್ಟು ಕಷ್ಟ ಅನ್ನುವುದು ತುಳಿದವರಿಗೇ ಗೊತ್ತು. "ಎಲ್ಲಕ್ಕಿಂತ ಹಗುರದ ಗೇರಿಗೆ ಹಾಕು. ನಾಚ್ಕೋಬ್ಯಾಡ. ತುದಿ ನೋಡಬ್ಯಾಡ, ಚಕ್ರದ ಮುಂದೆ ನಾಲ್ಕು ಮೊಳ ನೋಡು. ಮಾತಾಡೋಕಾಗದಷ್ಟು ಜೋರು ತುಳಿದ್ಯೋ, ಅದು ತುಳಿತ ಅಲ್ಲ, ಕೊಬ್ಬು." ಎಂಟು ವಾರದಲ್ಲಿ ಹತ್ತು ತಿರುವು ಹತ್ತಿದೆ. ಆಮೇಲೆ ಹದಿಮೂರು. ಅಕ್ಕನಿಗೆ ಒಂಬತ್ತು ತುಂಬುವ ಹೊತ್ತಿಗೆ ಹದಿನಾರು ತಿರುವಿನವಳಾಗಿದ್ದೆ. ಅದರಾಚೆಗೆ ಎಂದೂ ಹೋಗಿರಲಿಲ್ಲ. ಹೋಗದಿದ್ದರೂ ಪೇಟೆಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹದಿನಾರು ಅಂದರೆ ಸುಮ್ಮನೆ ಅಲ್ಲ.

ಹೆಣ್ಣು ಹುಟ್ಟಿತು. ಹನ್ನೊಂದನೆಯ ದಿನದ ಸಂಜೆ, ಪದ್ಧತಿಯಂತೆ, ಅಕ್ಕ ಎಲ್ಲರನ್ನೂ ಹೊರಗೆ ಕಳಿಸಿ ನನ್ನ ಕಿವಿಯಲ್ಲಿ ಹೆಸರು ಹೇಳಿದಳು. ನಾನು ದೂರ ಸರಿದು ಅವಳ ಮುಖ ನೋಡಿದೆ.

"ಇದಾ?"

"ಇದೇ."

ನಮ್ಮೂರಿನಲ್ಲಿ ಮಕ್ಕಳಿಗೆ ಹಿರಣ್ಮಯಿ, ಮೃಣಾಲಿನಿ ಅಂತ ಉದ್ದುದ್ದದ ಹೆಸರುಗಳನ್ನು ಯಾಕೆ ಹುಡುಕುತ್ತಾರೆಂದರೆ, ಅವು ಮಾತಿನ ನಡುವೆ ಅಕಸ್ಮಾತ್ತಾಗಿ ಬಾಯಿಗೆ ಬರುವುದಿಲ್ಲ. ನನ್ನಕ್ಕ ಆರಿಸಿದ್ದು ಎರಡೇ ಅಕ್ಷರದ್ದು. ದಿನಕ್ಕೆ ನಾಲ್ಕು ಸಲ ಎಲ್ಲರ ಬಾಯಲ್ಲೂ ಓಡಾಡುವಂಥದ್ದು. ಅದಿಲ್ಲದ ಕಥೆ ಅಜ್ಜಿಯ ಹತ್ತಿರ ಒಂದೂ ಇಲ್ಲ. ಆ ರಾಜಕುಮಾರಿಯ ಕುದುರೆಯನ್ನು ವರ್ಣಿಸುವ ಮೊದಲ ಮಾತೇ ಅದು.

"ಅಕ್ಕ, ಎರಡು ಮೂರು ಗಂಟೆ ಬಾಯಿ ನಿಲ್ಲಿಸದೆ ಮಾತಾಡ್ಬೇಕು. ಇದು ಬರದೆ ಹೆಂಗಿರುತ್ತೆ?"

"ಯಾರ ಬಾಯಿಗೂ ಬರದ ಹೆಸ್ರು ಇಟ್ರೆ ಆಮೇಲೆ ಯಾರೂ ಕರೆಯಲ್ಲ ಕಣೆ," ಅಂದಳು ಅಕ್ಕ, ಮಗುವಿನ ಟೋಪಿಯ ದಾರ ಸರಿಮಾಡುತ್ತ. "ನನ್ನೇ ನೋಡು. ವನಜಾಕ್ಷಿ ಅಂತ ಒಬ್ರೂ ಪೂರ್ತಿ ಅಂದಿಲ್ಲ. ಏ ಅಂತಾರೆ, ಇವಳೇ ಅಂತಾರೆ. ಇವಳನ್ನ ಎಲ್ರೂ ಕರೀಬೇಕು. ಸುಮ್ ಸುಮ್ನೆ ಕರೀಬೇಕು."

ಅದು ಯಾವ ಹೆಸರು ಅಂತ ಹೇಳುವ ಜಾಗ ಇದಲ್ಲ, ನಾನಿನ್ನೂ ಗುಡ್ಡದ ಬುಡದಲ್ಲಿದ್ದೇನೆ.

ಹನ್ನೆರಡನೆಯ ದಿನ ಒಂಬತ್ತು ಗಂಟೆಗೆ ಹೊರಟೆ. ತಾರಸಿಗಳ ಮೇಲೆ ಜನ ನಿಂತಿದ್ದರು. ಅಮ್ಮ ಮೊಸರನ್ನ ಕಟ್ಟಿಕೊಡಲು ಬಂದು, ತಿನ್ನಲು ಬಾಯಿ ಬಿಡುವಿರುವುದಿಲ್ಲ ಅಂತ ನೆನಪಾಗಿ, ಡಬ್ಬಿಯನ್ನು ಸೆರಗಲ್ಲಿ ಮುಚ್ಚಿಕೊಂಡಳು. ಕಥೆ ಹೇಳುವ ಹಾಗಿಲ್ಲವಾದ್ದರಿಂದ ನಾನು ಅಡುಗೆ ಹೇಳಿಕೊಂಡು ಹೋಗುವುದೆಂದು ತೀರ್ಮಾನಿಸಿದ್ದೆ. ಅಡುಗೆಯಲ್ಲಿ ಕುದುರೆ ಇಲ್ಲ, ಓಡುವಂಥದ್ದೇನೂ ಇಲ್ಲ. ಸೊಪ್ಪಿನ ಸಾರಿಗೆ ಸೊಪ್ಪು ಬಿಡಿಸುವುದರಿಂದ ಶುರು ಮಾಡಿದೆ. ಆದರೆ ಎರಡನೆಯ ತಿರುವಿನಲ್ಲಿ ಯಾರೋ "ಹದಿನಾರು ತಿರುವಿನ ಹುಡುಗಿ" ಅಂದದ್ದು ಕೇಳಿಸಿತು. ಅಷ್ಟೇ ಸಾಕಾಯಿತು. ಸೊಪ್ಪು ಬೇಯುವ ಮೊದಲೇ ಒಗ್ಗರಣೆಗೆ ಬಂದಿದ್ದೆ. ಬಸ್ಸಾರು, ಮಸ್ಸಾರು, ಉಪ್ಪುಸಾರು ಒಂದರ ಹಿಂದೊಂದು ಹಾರಿಹೋದವು, ನಾಲ್ಕನೆಯ ತಿರುವಿನಲ್ಲಿ ಎದೆ ಬಡಿತ ಕಿವಿಗೆ ಬಂದು ಮಾತು ನಿಂತಿತು. ಹಿರಣ್ಮಯಿ ಅನ್ನುವ ಆ ತಿರುವು ಮತ್ತೆ ಬಂತು. ಮತ್ತೊಮ್ಮೆ ಬಂತು. ಆಗ ಮಾವನ ಕೋಲು ನೆನಪಾಯಿತು. ಪಕ್ಕದಲ್ಲಿ ಅವನು ಕುಂಟುತ್ತ ಬರುತ್ತಿದ್ದಾನೆ ಅಂದುಕೊಂಡೆ, ಹಗುರದ ಗೇರಿಗೆ ಇಳಿದೆ, ನಾಚಿಕೊಳ್ಳದೆ ಮುದ್ದೆ ಮಾಡುವುದನ್ನು ಹೇಳಲು ತೊಡಗಿದೆ. ಮುದ್ದೆ ಅವಸರದಲ್ಲಿ ಆಗುವುದಿಲ್ಲ. ಎಸರು ಕುದಿಯಬೇಕು, ಹಿಟ್ಟು ಬೇಯಬೇಕು, ಕೋಲು ತಿರುಗಬೇಕು. ಕೋಲು ತಿರುಗಿದ ಹಾಗೆ ಪೆಡಲು ತಿರುಗಿತು.

ಒಂಬತ್ತನೆಯ ತಿರುವಿನಲ್ಲಿ ಕಡಲೆಕಾಯಿ ಮಾರುವ ಸಣ್ಣಮ್ಮ ಕೂತಿದ್ದಳು. "ಏನ್ ತಾಯಿ, ನಿನ್ ಹೆಸ್ರ ಮೇಲೇ ಸೈಕಲ್ ಹತ್ತಿಸ್ಕೊಂಡು ಹೊಂಟ್ಯಲ್ಲ," ಅಂದಳು. "ಹತ್ತಿಸ್ದೆ, ನೋವಾಯ್ತಾ ಅಂತ ಕೇಳು ಅದನ್ನ," ಅಂದೆ. ಅವಳ ನಗು ಒಂದು ತಿರುವಿನಷ್ಟು ದೂರ ಹಿಂದೆ ಬಂತು. ಅಡುಗೆ ಹನ್ನೆರಡನೆಯ ತಿರುವಿಗೆ ಮುಗಿಯಿತು. ಹದಿಮೂರರಿಂದ ನಮ್ಮ ಬೀದಿಯ ಮನೆಗಳನ್ನು ಒಂದೊಂದಾಗಿ ಹೇಳಿದೆ, ಯಾರ ಮನೆಯ ಬಾಗಿಲು ಕಿರುಗುಟ್ಟುತ್ತದೆ, ಯಾರ ಮನೆಯ ನಾಯಿ ಯಾರನ್ನು ಕಂಡರೆ ಆಗುವುದಿಲ್ಲ. ಹದಿನಾರು ದಾಟಿತು. ಅಲ್ಲಿಂದಾಚೆಯ ದಾರಿಯನ್ನು ನನ್ನ ಚಕ್ರ ಎಂದೂ ಮುಟ್ಟಿರಲಿಲ್ಲ. ಮುಟ್ಟಿತು. ಹಾಗೆ ಮುಟ್ಟಿದಾಗ ಮೈ ಜುಮ್ಮೆಂದದ್ದನ್ನೂ ಗುಡ್ಡಕ್ಕೆ ಹೇಳಿದೆ.

ಹದಿನೇಳನೆಯ ತಿರುವಿನಲ್ಲಿ ಛತ್ರಿ ಹಿಡಿದು ಅಕ್ಕನ ಅತ್ತೆ ಕೆಂಪಾಜಮ್ಮ ಕೂತಿದ್ದರು.

ತಂದೆಯ ಕಡೆಯವರು ಒಬ್ಬರನ್ನು ಹೀಗೆ ಕೆಣಕಲು ಕೂರಿಸಬಹುದು, ಅದೂ ಪದ್ಧತಿಯೇ. ಅವರು ಒಂದು ತಿರುವಿನಿಂದ ಇನ್ನೊಂದರ ತನಕ ಪಕ್ಕದಲ್ಲಿ ನಡೆದುಬಂದು ಏನು ಬೇಕಾದರೂ ಕೇಳಬಹುದು. ಸಾಮಾನ್ಯವಾಗಿ ಬಾಯಿ ಜೋರಿರುವ ಮೈದುನನನ್ನೋ ಭಾವನನ್ನೋ ಕಳಿಸುತ್ತಾರೆ. ಅತ್ತೆಯೇ ಖುದ್ದಾಗಿ ಬಂದದ್ದನ್ನು ನಾನು ಕೇಳಿಯೂ ಇರಲಿಲ್ಲ. ಅಲ್ಲಿನ ಏರು ಎಮ್ಮೆಯ ಬೆನ್ನಿನ ಹಾಗಿದೆ, ಸೈಕಲ್ಲು ನಡಿಗೆಗಿಂತ ಮುಂದೆ ಹೋಗುವುದಿಲ್ಲ.

"ಬಂದ್ಯಾ ಚಿಕ್ಕತಾಯಿ," ಅಂತ ಛತ್ರಿ ಮಡಿಸಿ ಎದ್ದರು.

"ಬಂದೆ ಅತ್ತೆ. ನೀವ್ ಯಾವಾಗ ಬಂದ್ರಿ, ತಿಂಡಿ ಆಯ್ತಾ, ಈ ಬಿಸಿಲಲ್ಲಿ ಯಾಕೆ ಬರೋಕೆ ಹೋದ್ರಿ?"

"ನೆನ್ನೇನೇ ಹಿಂದ್ಲು ದಾರೀಲಿ ಗಾಡೀಲಿ ಬಂದು ಮೇಲಿಂದ ಇಳ್ಕೊಂಡು ಬಂದೆ. ನಮ್ಮಮ್ಮನ ಹೆಸ್ರು ಅಂದ್ರೆ ಸುಮ್ನೆ ಬಿಡೋಕಾಯ್ತದಾ? ಅದಿರ್ಲಿ, ನಿಮ್ಮಕ್ಕನಿಗೆ ಯಾವ ಹೂವು ಇಷ್ಟ?"

"ಸಿಕ್ಕಿದ್ದು ಮುಡೀತಾಳೆ. ಜಾಜಿ, ಕಾಕಡ, ಕನಕಾಂಬರ, ಮರುಗ. ಏನೂ ಸಿಗ್ದಿದ್ರೆ ಬರೀ ಜಡೆ."

"ಹೂವಲ್ಲ ಹಂಗಾದ್ರೆ," ಅಂತ ಒಂದು ಬೆರಳು ಮಡಿಸಿದರು. "ಹೊಳೆಗಳ ಹೆಸ್ರು ಹೇಳು ನೋಡವಾ." ಹೇಳಿದೆ, ಎಂಟನ್ನೂ ಹೇಳಿದೆ. "ಹೊಳೆ ಅಲ್ಲ. ದೇವ್ರ ಹೆಸ್ರೂ ಅಲ್ಲ, ನಿಮ್ಮಕ್ಕ ಆ ಪೈಕಿ ಅಲ್ಲ." ಬೆರಳುಗಳು ಮಡಿಯುತ್ತ ಬಂದವು. ಮಂಡಿಯ ಮೇಲೆ ಕೈಯೂರಿ ನಡೆಯುತ್ತಿದ್ದರೂ ಕಣ್ಣು ನನ್ನ ತುಟಿಯ ಮೇಲೇ ಇತ್ತು. ಆಮೇಲೆ, ಯಾವ ಗ್ರಹಚಾರವೋ, ಕೇಳಿದರು: "ನಿಮ್ಮಕ್ಕ ಕಾಲಿಗೇನು ಹಾಕ್ಕೊಂಡವಳೆ?"

"ಚಪ್ಪಲಿ," ಅಂದೆ.

"ಅದಲ್ವೇ, ಗೆಜ್ಜೆ. ನಾವು ಹಾಕಿದ್ದು. ಅದು ಯಾವುದ್ರದ್ದು ಅಂತ ಗೊತ್ತಾ ನಿಂಗೆ?"

ಉತ್ತರ ಹಲ್ಲಿನ ಹಿಂದೆ ಬಂದು ನಿಂತಿತು. ಅದು ಹಲ್ಲಿಗೆ ತಗುಲಿದ್ದು ನನಗೆ ತಿಳಿಯಿತು. ಒಂದು ಗುಟುಕಿನಷ್ಟು ಹೊತ್ತು ಕಳೆಯಿತು. "ನಿಮ್ಮನೆ ಅಟ್ಟದ ಪೆಟ್ಟಿಗೇದು ಅತ್ತೆ," ಅಂದೆ. "ನಿಮ್ಮತ್ತೆ ಕಾಲದ್ದು. ಎಡಗಾಲಿಂದರಲ್ಲಿ ಮೂರು ಗುಂಡಿಲ್ಲ. ಅಕ್ಕ ನಡೆದ್ರೆ ಕುಂಟುಕೋಳಿ ಬಂದ ಹಾಗೆ ಸದ್ದು ಬರ್ತದಂತೆ. ಹೊಸದು ಕೊಡ್ತಾರೆ ಅಂತ ನಮ್ಮಮ್ಮ ಎರಡು ವರ್ಷದಿಂದ ಕಾಯ್ತಾವ್ಳೆ."

ಕೆಂಪಾಜಮ್ಮನವರು ನಿಂತರು. ಬಾಯಿ ತೆರೆದರು. ಅವಮಾನಕ್ಕೋ ಏರಿನ ಸುಸ್ತಿಗೋ, ಮಾತು ಹೊರಡಲಿಲ್ಲ. ಗುಡ್ಡ ಅವರ ಪಾಲಿಗೂ ಒಂದು ಗುಟುಕಿನಷ್ಟೇ ಕಾಯಿತು. ನಾನು ತಿರುಗಿ ನೋಡಿದಾಗ ಪಕ್ಕದಲ್ಲಿ ಅವರಿರಲಿಲ್ಲ, ಒಂದು ತಿರುವು ಕೆಳಗೆ ಅವರ ಛತ್ರಿಯ ತುದಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿಂದ ದನಿ ಎದ್ದಿತು: "ಗುಂಡಿಲ್ವಂತೆ ಗುಂಡು. ಬಂದ ಸೊಸೆ ಎಂಥೋಳು ಅಂತ ನಂಗೆ ಅವತ್ತೇ ಗೊತ್ತಾಗಿತ್ತು…" ಅವರ ಬಗ್ಗೆ ನನಗೆ ಚಿಂತೆಯಾಗಲಿಲ್ಲ. ಸೊಸೆಯನ್ನು ಬೈಯಲು ಶುರು ಮಾಡಿದರೆ ಅವರು ಇಪ್ಪತ್ತೆರಡಲ್ಲ, ನಲವತ್ತು ತಿರುವಿನ ಹೆಂಗಸು.

ಆದರೆ ಅವರನ್ನು ದಾಟಿದ್ದರಲ್ಲಿ ನನ್ನ ಮಾತೆಲ್ಲ ಖರ್ಚಾಗಿತ್ತು. ಹದಿನೆಂಟನೆಯ ತಿರುವಿನಲ್ಲಿ ಸೈಕಲ್ಲಿನ ಭಾಗಗಳನ್ನು ಹೇಳಿದೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಅದನ್ನು ಹೇಳಿದೆ. ತೊಡೆಯೊಳಗೆ ಯಾರೋ ಬಟ್ಟೆ ಹಿಂಡುತ್ತಿದ್ದಾರೆ ಅಂತ ಹೇಳಿದೆ. ಹತ್ತೊಂಬತ್ತನೆಯದಕ್ಕೆ ಬಂದಾಗ ಹೇಳಲು ಏನೂ ಇರಲಿಲ್ಲ. ಬಾಯೊಳಗೆ ಒಂದೇ ಒಂದು ಮಾತು ಕೂತಿತ್ತು, ಎರಡಕ್ಷರದ್ದು, ಕಾಯಿಸಿದ ನಾಣ್ಯದ ಹಾಗೆ. ತಿರುವು ಮತ್ತೆ ಎದುರಾಯಿತು. ಇನ್ನೊಮ್ಮೆ ಎದುರಾಯಿತು. ಬಿಸಿಲು ನೆತ್ತಿಗೆ ಬರುತ್ತಿತ್ತು. ಮಾವನಿಗೆ ಆದದ್ದು ಇದೇ ಅಂತ ತಿಳಿಯಿತು. ಕಾಲು ಸೋತು ಇಳಿದರೆ ಗಿರಣಿ ಕೂಗಿಬಿಡುತ್ತದೆ; ಬಾಯಿ ತೆರೆದರೆ ಅಕ್ಕನ ಮಗುವಿನ ಹೆಸರನ್ನು ಜನ್ಮವಿಡೀ ಈ ತಿರುವು ಇಟ್ಟುಕೊಳ್ಳುತ್ತದೆ, ಜನ ಅದರ ಹತ್ತಿರ ಜಲ್ಲಿ ಎದ್ದಿದೆ ಅನ್ನುತ್ತಾರೆ.

ನನ್ನ ಹತ್ತಿರ ಉಳಿದದ್ದು ಅಜ್ಜಿಯ ಕಥೆಗಳು ಮಾತ್ರ, ಅವುಗಳಲ್ಲಿ ಆ ಮಾತು ಮೆಟ್ಟಿಲಿಗೊಂದರಂತೆ ಕೂತಿದೆ. ಆದರೂ ಬಾಯಿ ತೆರೆದೆ.

"ಒಬ್ಬ ರಾಜನಿಗೆ ಇಬ್ರು ಹೆಣ್ಮಕ್ಕಳು. ದೊಡ್ಡವಳ ನಗೂನ ರಾಕ್ಷಸ ನುಂಗಿಬಿಟ್ಟ. ಅದನ್ನ ತರೋಕೆ ಚಿಕ್ಕವಳು ಕುದುರೆ ಹತ್ತಿ ಹೊರಟಳು. ಆ ಕುದುರೆ…"

ಅಲ್ಲಿ ನಿಂತೆ. ಅಜ್ಜಿಯ ದನಿ ಕಿವಿಯಲ್ಲಿ ಆ ಮಾತನ್ನು ಹೇಳಿಯೇಬಿಟ್ಟಿತು. ಒಂದು ಗುಟುಕು.

"ಆ ಕುದುರೆ ಮಣ್ಣಿಂದು," ಅಂದೆ.

ಮಣ್ಣಿನ ಕುದುರೆ. ಅದು ಓಡುವುದಿಲ್ಲ. ಓಡಿದರೆ ಕಾಲು ಬಿರುಕು ಬಿಡುತ್ತದೆ. ಹೊಳೆ ಹಾರಲು ಹೋದರೆ ಕರಗುತ್ತದೆ. ಅದಕ್ಕೇ ರಾಜಕುಮಾರಿ ಅದನ್ನು ಹೊಳೆಯ ಪಕ್ಕದಲ್ಲಿ ನಡೆಸಿಕೊಂಡು ಹೋದಳು, ಹೊಳೆ ಸಣ್ಣದಾಗುವ ತನಕ ನಡೆಸಿದಳು. ಬಿಸಿಲಲ್ಲಿ ಅದು ಒಣಗಿ ಗಟ್ಟಿಯಾಯಿತು, ಆಗ ಇನ್ನಷ್ಟು ನಿಧಾನವಾಯಿತು. ಕುದುರೆ ಒಂದು ಹೆಜ್ಜೆ ಇಟ್ಟರೆ ನನ್ನ ಪೆಡಲು ಒಂದು ಸುತ್ತು. ಇಪ್ಪತ್ತನೆಯ ತಿರುವಿನಲ್ಲಿ ಕುದುರೆಯ ಕೊರಳಿನ ಗಂಟೆ ಬಂತು, ಅದನ್ನು ಮರದ್ದು ಮಾಡಿದೆ, ಟಕ್ ಟಕ್ ಅಂದಿತು. ರಾಜಕುಮಾರಿಯ ತಟ್ಟೆ ಬಂತು, ಮುತ್ತುಗದ ಎಲೆಯಾಯಿತು. ಅರಮನೆಯ ಬಾಗಿಲು ಬಂತು, ಅದಕ್ಕೆ ಗೋಣಿತಾಟು ಕಟ್ಟಿದೆ. ಬದಲಿಸಿದಷ್ಟೂ ಕಥೆ ಹೊಸದಾಯಿತು, ಹೊಸದಾದಷ್ಟೂ ಮುಂದೇನು ಅಂತ ನನಗೇ ಗೊತ್ತಿರಲಿಲ್ಲ, ಅದನ್ನು ತಿಳಿಯಲಿಕ್ಕಾದರೂ ಹೇಳಲೇಬೇಕಿತ್ತು. ಉಸಿರು ಎಲ್ಲಿತ್ತೋ ಬಂತು. ತುಳಿತಕ್ಕೊಂದು ಮಾತು, ಮಾತಿಗೊಂದು ತುಳಿತ.

"ರಾಕ್ಷಸ ಬಾಗಿಲಿಗೆ ಬಂದು ನೋಡ್ತಾನೆ, ಎದುರಿಗೆ ಮಣ್ಣಿನ ಕುದುರೆ, ಮರದ ಗಂಟೆ, ಧೂಳು ಮೆತ್ಕೊಂಡಿರೋ ಹುಡುಗಿ. ಇದ್ರಲ್ಲಿ ಬಂದ್ಯಾ ಅಂದ. ಇದ್ರಲ್ಲೇ ಬಂದೆ ಅಂದ್ಳು. ಎಷ್ಟು ದಿನ ಆಯ್ತು ಅಂದ. ಎಣಿಸಿಲ್ಲ ಅಂದ್ಳು. ರಾಕ್ಷಸನಿಗೆ ನಗು ತಡೆಯೋಕಾಗ್ಲಿಲ್ಲ. ಹೊಟ್ಟೆ ಹಿಡ್ಕೊಂಡು ನಕ್ಕ. ಬಾಯಿ ಗುಹೆಯಷ್ಟು ಅಗಲ ತೆಗೆದು ನಕ್ಕ. ಅವ್ನು ನಗ್ತಾ ಇದ್ದ ಹಾಗೇ ಒಳಗಿದ್ದ ಅಕ್ಕನ ನಗು ಹೊರಗೆ ಬಂದ್ಬಿಡ್ತು."

ಇದು ಅಜ್ಜಿಯ ಕಥೆಯಲ್ಲಿಲ್ಲ. ಅಲ್ಲಿ ಕತ್ತಿ ಇದೆ, ರಕ್ತ ಇದೆ. ಇದು ನನ್ನದು. ನಗುವನ್ನು ಎಲೆಯಲ್ಲಿ ಕಟ್ಟಿಕೊಂಡು ಕುದುರೆಯನ್ನು ತಿರುಗಿಸುವುದು ಹೇಗೆ ಅಂತ ಹೇಳುತ್ತಿದ್ದಾಗ ಚಕ್ರದಡಿಯ ಸದ್ದು ಬದಲಾಯಿತು. ನಾಲ್ಕು ಮೊಳದಾಚೆ ದಾರಿ ಇರಲಿಲ್ಲ, ಹುಲ್ಲಿತ್ತು. ಹುಲ್ಲಿನಾಚೆ ಚಪ್ಪಡಿ. ಇಪ್ಪತ್ತೊಂದು, ಇಪ್ಪತ್ತೆರಡು ಯಾವಾಗ ದಾಟಿದವೋ ಎಣಿಸಿರಲಿಲ್ಲ.

ಕಾಲು ಕೆಳಗಿಟ್ಟೆ. ಅದು ನನ್ನ ಕಾಲಾಗಿರಲಿಲ್ಲ, ಆದರೂ ಇಟ್ಟ ಕಡೆ ನಿಂತಿತು. ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ, ಅದರ ಸೀಟನ್ನು ಒಮ್ಮೆ ತಟ್ಟಿ, ಚಪ್ಪಡಿ ಹತ್ತಿದೆ. ಕೆಳಗೆ ನಮ್ಮೂರು ಒಂದು ಹಿಡಿ ಚೆಲ್ಲಿದ ಕಾಳಿನಷ್ಟಿತ್ತು. ಗಿರಣಿಯ ಕೊಳವೆ ಕಂಡಿತು, ಇನ್ನೂ ಕೂಗಿರಲಿಲ್ಲ. ತುದಿಯಲ್ಲಿ ಸುಮ್ಮನಿದ್ದರೆ ಯಾವ ತಿರುವೂ ಎದುರು ಬರುವುದಿಲ್ಲ. ಹತ್ತಿರ ಹತ್ತಿರ ಮೂರು ಗಂಟೆಯಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತೆ. ಈ ಎತ್ತರಕ್ಕೆ ನನ್ನನ್ನು ಯಾರೂ ಎತ್ತಿ ತಂದಿರಲಿಲ್ಲ. ಈ ಕಾಲು, ಈ ಬಾಯಿ. ಉಸಿರು ಒಂದು ಸಲ ಬಂತು, ಎರಡು ಸಲ ಬಂತು, ಮೂರನೆಯ ಸಲ ನಿಧಾನವಾಗಿ ಬಂತು. ಕೂಗಬೇಕಾಗಿಲ್ಲ ಅಂತ ಮಾವ ಹೇಳಿದ್ದ. ಪಕ್ಕದಲ್ಲಿ ಮಲಗಿರುವ ಮಗುವನ್ನು ಎಬ್ಬಿಸುವಷ್ಟೇ ಮೆಲ್ಲಗೆ, "ಬೆಳ್ಳಿ," ಅಂದೆ.